ಕೊಡಗಿನ ಏರು ಇಳಿಜಾರಿಗೆ ಯಾವ ರೋಡ್ ಬೈಕ್? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಭಾನುವಾರ ಬೆಳಿಗ್ಗೆ ಯಾವ ಊರಿನ ಹೋಟೆಲ್ ಮುಂದೆ ಸೈಕಲ್ ನಿಲ್ಲಿಸಿದರೂ ಯಾರಾದರೊಬ್ಬರು ಬಂದು ಟೈರು ಅಮುಕಿ ನೋಡುತ್ತಾರೆ. ಮೊದಲ ಪ್ರಶ್ನೆ "ಎಷ್ಟಾಯ್ತು?" ಅದಕ್ಕೆ ನಾನು ನಿಜ ಹೇಳುವುದಿಲ್ಲ, ಮನೆಯಲ್ಲೂ ಹೇಳಿಲ್ಲ. ಎರಡನೆಯದು "ನಮಗೆ ಯಾವುದು ಆಗಬಹುದು?" ಅದಕ್ಕೆ ನನಗೆ ಗೊತ್ತಿರುವಷ್ಟು ಉತ್ತರ ಇಲ್ಲಿದೆ.

ರೋಡ್ ಬೈಕ್ ಅಂದರೆ ಯಾವುದು? ಗೇರ್ ಸೈಕಲ್ ಎಲ್ಲ ಒಂದೇ ಅಲ್ವಾ?

ಅಲ್ಲ. ನಮ್ಮ ಕಡೆ ಬೈಕ್ ಅಂದರೆ ಬುಲೆಟ್ಟೇ ಮೊದಲು ನೆನಪಾಗುತ್ತದೆ, ಹಾಗಾಗಿ ಗೊಂದಲ ಸಹಜ. ರೋಡ್ ಬೈಕ್ ಒಂದು ಸೈಕಲ್ಲು. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ತೆಳು ಟೈರು, ಹಗುರ ಫ್ರೇಮು. ಸಸ್ಪೆನ್ಷನ್ ಇರುವುದಿಲ್ಲ. ಡಾಂಬರಿನ ಮೇಲೆ ದೂರ ಹೋಗಲೆಂದೇ ಮಾಡಿದ್ದು.

ಇದರಲ್ಲೂ ಜಾತಿಗಳಿವೆ. ರೇಸ್ ಬೈಕಿನಲ್ಲಿ ಬೆನ್ನು ಬಾಗಿಸಿ ಮುಂದಕ್ಕೆ ಚಾಚಿ ಕೂರಬೇಕು. ಎಂಡ್ಯೂರೆನ್ಸ್ ಬೈಕಿನಲ್ಲಿ ಹ್ಯಾಂಡಲ್ ಸ್ವಲ್ಪ ಮೇಲಿರುತ್ತದೆ, ಸೊಂಟಕ್ಕೆ ಆರಾಮ. ಗ್ರಾವೆಲ್ ಬೈಕ್ ನೋಡಲು ರೋಡ್ ಬೈಕಿನ ಹಾಗೇ ಇರುತ್ತದೆ, ಆದರೆ 38-45 ಮಿಲಿಮೀಟರ್ ಅಗಲದ ಟೈರು ಹಿಡಿಯುತ್ತದೆ. ಹ್ಯಾಂಡಲ್ ನೇರವಾಗಿದ್ದು ಚಕ್ರ ಮಾತ್ರ ರೋಡ್ ಬೈಕಿನದ್ದಾದರೆ ಅದು ಹೈಬ್ರಿಡ್.

ಕೊಡಗಿನ ರಸ್ತೆಗೆ ಎಂಟಿಬಿಯೇ (ಮೌಂಟನ್ ಬೈಕ್) ಒಳ್ಳೆಯದು ಅಂತಾರೆ. ನಿಜಾನಾ?

ನೀವು ಎಲ್ಲಿ ಓಡಿಸುತ್ತೀರಿ ಅನ್ನುವುದರ ಮೇಲಿದೆ. ತೋಟದೊಳಗಿನ ಜೀಪ್ ದಾರಿಯಲ್ಲಿ ಸುತ್ತುವುದೇ ನಿಮ್ಮ ಆಸೆಯಾದರೆ ಎಂಟಿಬಿ ತೆಗೆದುಕೊಳ್ಳಿ. ಮಾಂದಲಪಟ್ಟಿಗೆ ರೋಡ್ ಬೈಕಿನಲ್ಲಿ ಹೋಗುತ್ತೇನೆ ಅಂದವರನ್ನು ನಾನು ಕೈ ಮುಗಿದು ತಡೆದಿದ್ದೇನೆ. ಆದರೆ ಕುಶಾಲನಗರದಿಂದ ಮಡಿಕೇರಿಗೆ, ಮಡಿಕೇರಿಯಿಂದ ಮೂರ್ನಾಡು ದಾಟಿ ವಿರಾಜಪೇಟೆಗೆ, ಅಲ್ಲಿಂದ ಗೋಣಿಕೊಪ್ಪಕ್ಕೆ ಹೋಗುವವರಿಗೆ ಎಂಟಿಬಿ ಸುಮ್ನೆ ಭಾರ. ಅಗಲ ಟೈರಿನ ಗುಬುಟು, ಮುಂದಿನ ಸಸ್ಪೆನ್ಷನ್, ಎರಡೂ ಏರಿನಲ್ಲಿ ನಿಮ್ಮ ಕಾಲಿನ ಶಕ್ತಿಯನ್ನೇ ತಿನ್ನುತ್ತವೆ.

ಇನ್ನೊಂದು ಮಾತು. "ಕೊಡಗಿನ ರಸ್ತೆ" ಅಂತ ಒಂದೇ ರಸ್ತೆ ಇಲ್ಲ. ಹೆಬ್ಬಾಲೆ, ಶಿರಂಗಾಲದ ಕಡೆ ಗದ್ದೆ ಬಯಲು, ಹೆಚ್ಚು ಕಡಿಮೆ ಮಟ್ಟಸ. ಕುಶಾಲನಗರದಿಂದ ಹುಣಸೂರಿನ ಕಡೆಗೂ ಹಾಗೇ. ಕುಶಾಲನಗರದಿಂದ ಮಡಿಕೇರಿಗೆ 30 ಕಿಲೋಮೀಟರಿನಲ್ಲಿ ಸುಮಾರು 300 ಮೀಟರ್ ಮೇಲೇರಬೇಕು, ಅದೂ ಬಹುಪಾಲು ಸುಂಟಿಕೊಪ್ಪ ದಾಟಿದ ಮೇಲೆ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆ ದೊಡ್ಡ ಬೆಟ್ಟವಿಲ್ಲ. ಆದರೆ ಏರು ಮುಗಿಯಿತು ಅನ್ನುವಷ್ಟರಲ್ಲಿ ಇಳಿಜಾರು, ಅದರ ಹಿಂದೆಯೇ ಮತ್ತೆ ಏರು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವುದು ಘಾಟಿ, ವಾಪಸ್ ಹತ್ತುವುದು ತಪಸ್ಸು. ಕುಶಾಲನಗರದವರಿಗೆ ಹೇಳುವ ಸೈಕಲ್ಲೇ ಭಾಗಮಂಡಲದವರಿಗೂ ಆಗುತ್ತದೆ ಅನ್ನುವಂತಿಲ್ಲ.

ನನ್ನ ಅಭ್ಯಾಸ ಯಾವುದು ಅಂತ ನನಗೇ ಗೊತ್ತಿಲ್ಲ. ಈಗಷ್ಟೇ ಶುರು ಮಾಡುತ್ತಿದ್ದೇನೆ.

ಹಾಗಾದರೆ ಈಗಲೇ ಕೊಳ್ಳಬೇಡಿ. ಮನೆಯಲ್ಲಿರುವ ಯಾವುದಾದರೂ ಸೈಕಲ್ಲನ್ನು, ಇಲ್ಲವೇ ಗೆಳೆಯರದನ್ನು ಕೇಳಿ ತಂದು ಒಂದು ತಿಂಗಳು ಓಡಿಸಿ. ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಎಷ್ಟು ದಿನ ಹೋದಿರಿ, ಎಷ್ಟು ದೂರ, ಎಲ್ಲಿ ಇಳಿದು ತಳ್ಳಿದಿರಿ. ಮೂರನೆಯದನ್ನು ನಾಚಿಕೊಳ್ಳದೆ ಬರೆಯಿರಿ, ಏಕೆಂದರೆ ಮುಂದೆ ಅಂಗಡಿಯಲ್ಲಿ ನಿಮಗೆ ಬೇಕಾಗುವ ಮಾಹಿತಿ ಅದೇ.

ವಾರಕ್ಕೊಮ್ಮೆ 20 ಕಿಲೋಮೀಟರ್ ಹೋಗುವವರಿಗೆ ಲಕ್ಷ ರೂಪಾಯಿಯ ಸೈಕಲ್ ಬೇಡ. ವಾರಕ್ಕೆ ನಾಲ್ಕು ದಿನ ಹೋಗುವವರು 25 ಸಾವಿರದ ಸೈಕಲ್ ಕೊಂಡರೆ ವರ್ಷದೊಳಗೆ ಮಾರಿ ಇನ್ನೊಂದು ಕೊಳ್ಳುತ್ತಾರೆ. ಎರಡೂ ನಷ್ಟವೇ.

ಎಷ್ಟು ಗೇರ್ ಇರಬೇಕು? 21 ಗೇರ್ ಇದ್ದರೆ ಸಾಕಾ?

ಗೇರಿನ ಲೆಕ್ಕ ಎಷ್ಟೆಂದು ಕೇಳಬೇಡಿ. ಕೊನೆಯ ಗೇರ್ ಎಷ್ಟು ಹಗುರ ಅಂತ ಕೇಳಿ. ಕೊಡಗಿನಲ್ಲಿ ರೋಡ್ ಬೈಕ್ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಪೆಡಲ್ ಹತ್ತಿರ ಇರುವ ಹಲ್ಲುಚಕ್ರ ಚೈನ್‌ರಿಂಗ್. ಹಿಂದಿನ ಚಕ್ರಕ್ಕೆ ಗೋಪುರದಂತೆ ಜೋಡಿಸಿರುವುದು ಕ್ಯಾಸೆಟ್. ಮುಂದಿನದರ ಅತಿ ಚಿಕ್ಕ ಹಲ್ಲುಚಕ್ರವನ್ನು ಹಿಂದಿನದರ ಅತಿ ದೊಡ್ಡದರಿಂದ ಭಾಗಿಸಿ. ಬರುವ ಸಂಖ್ಯೆ ಚಿಕ್ಕದಾದಷ್ಟೂ ಗೇರು ಹಗುರ, ಅದು 1 ಅಥವಾ ಅದರ ಹತ್ತಿರ ಇರಬೇಕು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಸರಿಯಾಗಿ 1. ಮುಂದೆ 34, ಹಿಂದೆ 28 ಇದ್ದರೆ 1.21.

ಇಷ್ಟೇನಾ ವ್ಯತ್ಯಾಸ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ನನ್ನ ಮೊದಲ ರೋಡ್ ಬೈಕಿನಲ್ಲಿ ಮುಂದೆ 53 ಮತ್ತು 39, ಹಿಂದೆ 11ರಿಂದ 25. "ಇದು ರೇಸಿಂಗ್ ಸೆಟ್ ಸಾರ್" ಅಂತ ಅಂಗಡಿಯವರು ಹೆಮ್ಮೆಯಿಂದ ಕೊಟ್ಟರು, ನಾನೂ ಹೆಮ್ಮೆಯಿಂದ ತಂದೆ. ಭಾಗಮಂಡಲದಿಂದ ತಲಕಾವೇರಿ 8 ಕಿಲೋಮೀಟರ್. ಕಡಿದಾದ ಜಾಗದಲ್ಲಿ ನನ್ನ ವೇಗ ಗಂಟೆಗೆ 8 ಕಿಲೋಮೀಟರಿಗೆ ಇಳಿಯಿತು. ಆ ವೇಗದಲ್ಲಿ 39ಕ್ಕೆ 25ರ ಗೇರಿನಲ್ಲಿ ಪೆಡಲು ನಿಮಿಷಕ್ಕೆ 40 ಸುತ್ತು ಮಾತ್ರ ತಿರುಗುತ್ತದೆ. ಪ್ರತಿ ಸುತ್ತೂ ರಾಗಿ ಕಲ್ಲು ಬೀಸಿದ ಹಾಗೆ. ಕೊನೆಗೆ ತಳ್ಳಿಕೊಂಡೇ ಹೋದೆ. ಅವತ್ತು ಜೊತೆಗಿದ್ದ ಗೆಳೆಯ ಈಗಲೂ ಮದುವೆ ಮನೆಗಳಲ್ಲಿ ಈ ಕಥೆ ಹೇಳುತ್ತಾನೆ. ಅದೇ ವೇಗದಲ್ಲಿ 34ಕ್ಕೆ 34 ಇದ್ದಿದ್ದರೆ ಪೆಡಲು 62 ಸುತ್ತು ತಿರುಗುತ್ತಿತ್ತು. ಕಾಲು ಅದೇ, ಬೆಟ್ಟ ಅದೇ, ಮಂಡಿ ಮಾತ್ರ ಉಳಿಯುತ್ತಿತ್ತು.

ಹಾಗಾಗಿ ಮುಂದೆ 50-34ರ ಕಾಂಪ್ಯಾಕ್ಟ್ ಕ್ರ್ಯಾಂಕ್ (ಅಂದರೆ 50 ಮತ್ತು 34 ಹಲ್ಲಿನ ಎರಡು ಚೈನ್‌ರಿಂಗ್), ಹಿಂದೆ 32 ಅಥವಾ 34 ಹಲ್ಲಿನ ಕ್ಯಾಸೆಟ್ ಕೇಳಿ. ಈಗಿರುವ ಸೈಕಲ್ಲಿನ ಹಿಂದಿನ ಚಕ್ರದಲ್ಲಿ 28 ಮಾತ್ರ ಇದ್ದರೆ ಕ್ಯಾಸೆಟ್ ಬದಲಿಸಬಹುದು. ಆದರೆ ಹಿಂದಿನ ಡಿರೇಲರಿನ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೇಜ್, ಅಂದರೆ ಚೈನನ್ನು ಬಿಗಿಯಾಗಿ ಹಿಡಿಯುವ ತೋಳು, ಉದ್ದದ್ದೋ ಗಿಡ್ಡದ್ದೋ ಅಂತ ಮೊದಲು ನೋಡಿಸಿ. ಗಿಡ್ಡ ಕೇಜಿಗೆ 34 ಹಲ್ಲು ಹಿಡಿಯುವುದು ಕಷ್ಟ, ಡಿರೇಲರನ್ನೂ ಬದಲಿಸಬೇಕಾಗಬಹುದು, ಚೈನೂ ಉದ್ದ ಬೇಕಾಗಬಹುದು. ಹೊಸದು ಕೊಳ್ಳುವಾಗಲೇ ಅಂಗಡಿಯವರ ಹತ್ತಿರ ಹಾಕಿಸಿಕೊಂಡರೆ ಖರ್ಚು ಕಡಿಮೆ.

ಶಿಮಾನೋ ಹೆಸರುಗಳೇ ತಲೆ ತಿನ್ನುತ್ತವೆ. ಯಾವುದು ಮೇಲು?

ಶಿಮಾನೋ ಗೇರು, ಬ್ರೇಕಿನ ಭಾಗಗಳನ್ನು ಮಾಡುವ ಕಂಪನಿ, ಈ ಹೆಸರುಗಳು ಅದರ ಸೆಟ್ಟುಗಳು. ಕೆಳಗಿನಿಂದ ಮೇಲಕ್ಕೆ: ಟೂರ್ನಿಯಲ್ಲಿ ಹಿಂದೆ 7 ಗೇರು, ಕ್ಲಾರಿಸ್‌ನಲ್ಲಿ 8, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10, 105ರಲ್ಲಿ ಹಳೆಯದಾದರೆ 11, ಹೊಸದಾದರೆ 12. ಅದರ ಮೇಲೆ ಅಲ್ಟೆಗ್ರಾ, ಡ್ಯೂರಾ-ಏಸ್. ಅವು ನಮ್ಮ ಮಾತಿಗೆ ಬೇಡ. ಕ್ಯೂಸ್ ಅನ್ನುವ ಹೊಸ ಸಾಲು ಈಗ ಕ್ಲಾರಿಸ್, ಸೋರಾ, ಟಿಯಾಗ್ರಾದ ಜಾಗಕ್ಕೆ ಬರುತ್ತಿದೆ.

ಮೇಲಕ್ಕೆ ಹೋದಷ್ಟೂ ಗೇರ್ ಬದಲಾಗುವುದು ನಯ, ತೂಕ ಸ್ವಲ್ಪ ಕಡಿಮೆ, ಬೆಲೆ ಜಾಸ್ತಿ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಚೈನು, ಕ್ಯಾಸೆಟ್ ಸವೆದಾಗ ಬದಲಿಸುವ ಖರ್ಚೂ ಜಾಸ್ತಿ. ನಮ್ಮ ಮಳೆ, ಕೆಸರಿನಲ್ಲಿ ಇವು ಬೇಗ ಸವೆಯುತ್ತವೆ. ದಿನಾ ಓಡಿಸುವ ಸೈಕಲ್ಲಿಗೆ ನನ್ನ ಮತ ಕ್ಲಾರಿಸ್ ಅಥವಾ ಸೋರಾಕ್ಕೆ.

ಡಿಸ್ಕ್ ಬ್ರೇಕ್ ಬೇಕೇ ಬೇಕಾ?

ಹತ್ತುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ, ಇಳಿಯುವುದರ ಬಗ್ಗೆ ಕೇಳುವವರು ಕಡಿಮೆ. ಹತ್ತಲು ಆಗದಿದ್ದರೆ ತಳ್ಳಿಕೊಂಡು ಹೋಗಬಹುದು. ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ?

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಸಾವಿರ ಮೀಟರಿಗೆ ಹತ್ತಿರದಷ್ಟು ಕೆಳಗೆ ಬರುತ್ತೀರಿ. ಸೈಕಲ್ಲೂ ನೀವೂ ಸೇರಿ 85 ಕಿಲೋ ಅಂತಿಟ್ಟುಕೊಳ್ಳಿ. ಆ ಎತ್ತರದ ಶಕ್ತಿಯಲ್ಲಿ ಅರ್ಧ ಗಾಳಿಗೆ ಹೋಯಿತು ಅಂದರೂ, ಉಳಿದದ್ದು ಒಂದು ಲೀಟರ್ ನೀರು ಕುದಿಸುವಷ್ಟು ಶಾಖ. ಅದೆಲ್ಲ ನಿಮ್ಮ ಬ್ರೇಕಿನ ಮೇಲೆ. ರಿಮ್ ಬ್ರೇಕಿನಲ್ಲಿ ಆ ಬಿಸಿ ರಿಮ್ಮಿಗೇ ಹೋಗುತ್ತದೆ, ಅಂದರೆ ಟ್ಯೂಬಿನ ಪಕ್ಕಕ್ಕೇ. ಮಳೆಯಲ್ಲಿ ಇನ್ನೊಂದು ತೊಂದರೆ. ಮೊದಲು ರಬ್ಬರು ರಿಮ್ಮಿನ ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಆ ಒಂದೆರಡು ಕ್ಷಣದಲ್ಲಿ ತಿರುವು ಬಂದೇ ಬಿಟ್ಟಿರುತ್ತದೆ. ಜೊತೆಗೆ ಮರಳು ಸಿಕ್ಕಿಕೊಂಡು ಅಲ್ಯೂಮಿನಿಯಂ ರಿಮ್ಮನ್ನು ಉಜ್ಜಿ ಹಾಕುತ್ತದೆ.

ಹಾಗಾಗಿ ನನ್ನ ಉತ್ತರ: ಘಾಟಿ ಇಳಿಯುವವರಿಗೆ, ಮಳೆಯಲ್ಲೂ ಓಡಿಸುವವರಿಗೆ ಡಿಸ್ಕ್ ಬೇಕು. ಕುಶಾಲನಗರದ ಬಯಲಿನಲ್ಲಿ, ಬೇಸಿಗೆಯಲ್ಲಿ ಮಾತ್ರ ಓಡಿಸುವವರಿಗೆ ರಿಮ್ ಬ್ರೇಕ್ ಸಾಕು, ಹಣವೂ ಉಳಿಯುತ್ತದೆ.

ಡಿಸ್ಕಿನಲ್ಲಿ ಎರಡು ಬಗೆ. ಕೇಬಲ್ ಎಳೆದು ಹಿಡಿಯುವ ಮೆಕ್ಯಾನಿಕಲ್, ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್. ಹೈಡ್ರಾಲಿಕ್‌ನಲ್ಲಿ ಒಂದು ಬೆರಳು ಸಾಕು, ಉದ್ದ ಇಳಿಜಾರಿನಲ್ಲಿ ಅಂಗೈ ನೋಯುವುದಿಲ್ಲ. ಆದರೆ ಅದರ ಎಣ್ಣೆಯಲ್ಲಿ ಗಾಳಿ ಸೇರಿದರೆ ತೆಗೆಸಲು ಗೊತ್ತಿದ್ದವರು ಬೇಕು, ನನಗೆ ಹತ್ತಿರದಲ್ಲಿ ಯಾರೂ ಸಿಕ್ಕಿಲ್ಲ. ಮೆಕ್ಯಾನಿಕಲ್ ಆದರೆ ಒಂದು ಅಲೆನ್ ಕೀ ಇಟ್ಟುಕೊಂಡು ರಸ್ತೆ ಬದಿಯಲ್ಲೇ ಬಿಗಿ ಮಾಡಿಕೊಳ್ಳಬಹುದು. ನಿಮ್ಮ ಕೈಗೆ ರಿಪೇರಿ ಬರುತ್ತದೋ ಇಲ್ಲವೋ ನೋಡಿಕೊಂಡು ಆರಿಸಿ.

ಬ್ರೇಕನ್ನು ಇಡೀ ಇಳಿಜಾರು ಒತ್ತಿ ಹಿಡಿಯಬೇಡಿ. ಬೆನ್ನು ನೆಟ್ಟಗೆ ಮಾಡಿ ಕೂತರೆ ಗಾಳಿಯೇ ಅರ್ಧ ಬ್ರೇಕ್ ಹಾಕುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಬಿಡಿ.

ಟೈರು ತೆಳುವಾದಷ್ಟೂ ವೇಗ ಅಲ್ವಾ?

ಹಿಂದೆ ಹಾಗೆ ನಂಬಿದ್ದರು. 23 ಮಿಲಿಮೀಟರ್ ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿ ಓಡಿಸುತ್ತಿದ್ದರು. ಈಗ ರೇಸಿನವರೇ 28ಕ್ಕೆ ಬಂದಿದ್ದಾರೆ. ಒರಟು ರಸ್ತೆಯಲ್ಲಿ ತೆಳು ಟೈರು ಪುಟಿಯುತ್ತದೆ, ಪುಟಿದಷ್ಟೂ ಶಕ್ತಿ ವ್ಯರ್ಥ.

ನಮಗೆ 28 ಕನಿಷ್ಠ, 32 ಆದರೆ ಇನ್ನೂ ಒಳ್ಳೆಯದು. ಕೊಳ್ಳುವಾಗ ಫ್ರೇಮಿಗೂ ಟೈರಿಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಇವತ್ತು 25ರ ಟೈರು ಹಾಕಿ ಕೊಟ್ಟಿದ್ದರೂ ಪರವಾಗಿಲ್ಲ, ನಾಳೆ 32 ಹಿಡಿಯುತ್ತದಾ ಅಂತ ಕೇಳಿ. ಹಿಡಿಯುವುದಿಲ್ಲ ಅಂದರೆ ಮುಂದಿನ ಸೈಕಲ್ ನೋಡಿ. 70 ಕಿಲೋ ತೂಕದವರು 28ರ ಟೈರಿಗೆ 70-75 ಪಿಎಸ್‌ಐ ಹಾಕಿದರೆ ಸಾಕು, ಒದ್ದೆ ರಸ್ತೆಯಲ್ಲಿ ಐದು ಕಡಿಮೆ.

ಒಂದು ಸಣ್ಣ ವಿಷಯ ದೊಡ್ಡ ಕಷ್ಟ ತರುತ್ತದೆ. ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ಪ್ರೆಸ್ಟಾ ಅನ್ನುವ ಸಪೂರ ವಾಲ್ವ್ ಇರುತ್ತದೆ. ನಮ್ಮ ಪಂಕ್ಚರ್ ಅಂಗಡಿಗಳ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಕೆಲವೇ ರೂಪಾಯಿ. ಎರಡು ತಂದು ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಬಿಡಿ.

ನನ್ನ ಹತ್ತಿರ 30 ಸಾವಿರ ಇದೆ. ಏನು ಸಿಗುತ್ತದೆ?

ಮೊದಲು ಅದರಲ್ಲಿ 5 ಸಾವಿರ ಪಕ್ಕಕ್ಕಿಡಿ. ಹೆಲ್ಮೆಟ್, ಮುಂದಿನ ಮತ್ತು ಹಿಂದಿನ ಲೈಟು, ಪಂಪು, ಎರಡು ಟ್ಯೂಬು, ಪಂಕ್ಚರ್ ಕಿಟ್ಟು ಇವುಗಳಿಗೆ. ಇವಿಲ್ಲದ ಸೈಕಲ್ ಅಂಗಡಿ ಬಾಗಿಲಲ್ಲೇ ಉಳಿಯುತ್ತದೆ.

ಉಳಿದ 25 ಸಾವಿರಕ್ಕೆ ಬಾಗಿದ ಹ್ಯಾಂಡಲಿನ ಸೈಕಲ್ ಸಿಗುತ್ತದೆ. ಹಿಂದೆ 7 ಅಥವಾ 8 ಗೇರು, ತೂಕ 11-12 ಕಿಲೋ. ಡೆಕಾಥ್ಲಾನಿನ ಟ್ರೈಬನ್, ಮೊಂಟ್ರಾ, ಫೈರ್‌ಫಾಕ್ಸ್ ಹೀಗೆ ಹೆಸರುಗಳು. ಈ ಬೆಲೆಯಲ್ಲಿ ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 28ರಲ್ಲೇ ನಿಲ್ಲುವುದು ಸಾಮಾನ್ಯ, ಅದನ್ನೇ ಮೊದಲು ನೋಡಿ. 7 ಗೇರಿನದಕ್ಕೆ 14ರಿಂದ 34 ಹಲ್ಲಿನ ಫ್ರೀವೀಲ್ (ಕ್ಯಾಸೆಟ್ಟಿನ ಜಾಗದಲ್ಲಿರುವ ಹಲ್ಲುಚಕ್ರಗಳ ಜೋಡಣೆ) ಸಿಗುತ್ತದೆ, ಡಿರೇಲರ್ ಒಪ್ಪಿದರೆ ಹಾಕಿಸಿಕೊಳ್ಳಬಹುದು.

ನೇರವಾಗಿ ಹೇಳುವುದಾದರೆ, ಮಡಿಕೇರಿಯಲ್ಲಿರುವವರಿಗೆ ಈ ಹಣದಲ್ಲಿ ಹೊಸ ರೋಡ್ ಬೈಕಿಗಿಂತ ಒಳ್ಳೆಯ ಹೈಬ್ರಿಡ್ಡೇ ಮೇಲು. ಅದೇ ದುಡ್ಡಿಗೆ ಹಗುರ ಗೇರು, ಡಿಸ್ಕ್ ಬ್ರೇಕು, ಅಗಲ ಟೈರು ಮೂರೂ ಸಿಗುತ್ತವೆ. ಟಗರಿನ ಕೊಂಬು ಮಾತ್ರ ಇರುವುದಿಲ್ಲ. 15 ಸಾವಿರಕ್ಕೆ ಹೊಸ ರೋಡ್ ಬೈಕ್ ಅಂತ ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

50-80 ಸಾವಿರದವರೆಗೆ ಹೋಗಬಹುದು ಅಂದರೆ?

ಇಲ್ಲಿಗೆ ಬಂದರೆ ಮಾತು ಸುಲಭ. ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು (ಮುಂದಿನ ಚಕ್ರ ಹಿಡಿದಿರುವ ಕವಲು), ಕ್ಲಾರಿಸ್ ಅಥವಾ ಸೋರಾ, 50-34 ಕ್ರ್ಯಾಂಕು, ಡಿಸ್ಕ್ ಬ್ರೇಕು. ಮುಂದಿನ ಫೋರ್ಕ್ ಕಾರ್ಬನ್ ಆದರೆ ಗುಂಡಿಯ ಹೊಡೆತ ಕೈಗೆ ಅಷ್ಟಾಗಿ ತಟ್ಟುವುದಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಓಡಿಸುವ ನಮ್ಮಂಥವರಿಗೆ ಕೊಟ್ಟ ಹಣಕ್ಕೆ ತಕ್ಕ ಸೈಕಲ್ ಸಿಗುವುದು ಇಲ್ಲೇ ಅಂತ ನನ್ನ ಅನುಭವ.

ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಹಾಕಲು ಫ್ರೇಮಿನಲ್ಲಿ ಸ್ಕ್ರೂ ತೂತುಗಳಿವೆಯಾ ನೋಡಿ. ಬೆಂಗಳೂರಿನವರಿಗೆ ಅದು ಲೆಕ್ಕಕ್ಕಿಲ್ಲ. ಜೂನ್ ತಿಂಗಳ ಕೊಡಗಿನಲ್ಲಿ ಅದೇ ಮುಖ್ಯ.

ಹಳೆಯ ವಿಡಿಯೋಗಳಲ್ಲಿ ಹೇಳುವ ಬೆಲೆ ನಂಬಿ ಕೂರಬೇಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ನೋಡಿ.

ಲಕ್ಷದ ಮೇಲೆ?

ಟಿಯಾಗ್ರಾ ಅಥವಾ 105, ಹೈಡ್ರಾಲಿಕ್ ಡಿಸ್ಕು, ಒಳ್ಳೆಯ ಚಕ್ರಗಳು. ಇನ್ನೂ ಮೇಲಕ್ಕೆ ಹೋದರೆ ಕಾರ್ಬನ್ ಫ್ರೇಮು. ಖುಷಿ ಕೊಡುತ್ತದೆ, ಸುಳ್ಳು ಹೇಳಲಾರೆ. ಈ ಬಾರಿ ಮೆಣಸಿಗೆ ಒಳ್ಳೆಯ ರೇಟು ಸಿಕ್ಕಿದ್ದರೆ ತೆಗೆದುಕೊಳ್ಳಿ. ಸಾಲ ಮಾಡಿ ಬೇಡ.

ಕಾರ್ಬನ್ ಸೈಕಲ್ ಇದ್ದರೆ ಏರು ಸಲೀಸಾಗಿ ಹತ್ತಬಹುದಂತೆ?

ಒಂದು ಸಣ್ಣ ಲೆಕ್ಕ. ನಿಮ್ಮ ತೂಕ 75 ಕಿಲೋ, ಸೈಕಲ್ 11. ಒಟ್ಟು 86. ಅದರ ಬದಲು 9 ಕಿಲೋದ ಸೈಕಲ್ ತಂದಿರಿ ಅಂದರೆ ಒಟ್ಟು 84. ಇಳಿದದ್ದು ಶೇಕಡಾ 2.3. ಒಂದು ಗಂಟೆ ಹತ್ತುವ ಏರಿನಲ್ಲಿ ಉಳಿಯುವುದು ಒಂದೂವರೆ ನಿಮಿಷಕ್ಕೂ ಕಡಿಮೆ. ಆ ಒಂದೂವರೆ ನಿಮಿಷಕ್ಕೆ ಕೊಡುವ ಹೆಚ್ಚುವರಿ ಹಣ ಲಕ್ಷದ ಹತ್ತಿರ. ಅದೇ ಎರಡು ಕಿಲೋವನ್ನು ಸೊಂಟದಿಂದ ಇಳಿಸಿದರೂ ಬೆಟ್ಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಭಾನುವಾರದ ಕಡುಬು, ಪಂದಿ ಕರಿ ಬಿಡುತ್ತೀರಾ ಅಂತ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ.

ಏರಿನಲ್ಲಿ ಕೈ ಹಿಡಿಯುವುದು ಗೇರು.

ಸೈಜು ಹೇಗೆ ನೋಡುವುದು?

ಅಳೆಯಿರಿ. ಗೋಡೆಗೆ ಒರಗಿ ಬರಿಗಾಲಲ್ಲಿ ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲ್ತುದಿಗೆ ಎಷ್ಟಿದೆ ನೋಡಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ತೋಳುಗಳು ಸುತ್ತುವ ನಡು ಅಚ್ಚಿನಿಂದ ಸೀಟಿನ ಮೇಲಿನವರೆಗಿನ ಎತ್ತರ ಸರಿಸುಮಾರಾಗಿ ಬರುತ್ತದೆ. 80 ಸೆಂಟಿಮೀಟರ್ ಇದ್ದವರಿಗೆ 70.6. ಶುರು ಮಾಡಲು ಅಷ್ಟು ಸಾಕು, ಆಮೇಲೆ ಮಂಡಿ ಹೇಳಿದ ಹಾಗೆ ಸ್ವಲ್ಪ ಮೇಲೆ ಕೆಳಗೆ ಮಾಡಿಕೊಳ್ಳಿ.

ಆದರೆ ಎತ್ತರಕ್ಕಿಂತ ಉದ್ದ ಮುಖ್ಯ, ಅಂದರೆ ಸೀಟಿನಿಂದ ಹ್ಯಾಂಡಲಿಗೆ ಎಷ್ಟು ಚಾಚಬೇಕು ಅನ್ನುವುದು. ಸೀಟನ್ನು ಏರಿಸಿ ಇಳಿಸಬಹುದು, ಫ್ರೇಮಿನ ಉದ್ದ ಬದಲಾಗುವುದಿಲ್ಲ. ನನ್ನ ಆ ಮೊದಲ ಸೈಕಲ್ಲಿನ ಇನ್ನೊಂದು ಪಾಠ ಇದು. ನನಗೆ ಬೇಕಾಗಿದ್ದು 52 ಸೆಂಟಿಮೀಟರ್ ಸೈಜಿನ ಫ್ರೇಮು, ಅಂಗಡಿಯಲ್ಲಿ ಉಳಿದಿದ್ದು 56. "ಗಿಡ್ಡ ಸ್ಟೆಮ್ ಹಾಕಿದರೆ ಸರಿಹೋಗುತ್ತೆ" ಅಂದರು (ಸ್ಟೆಮ್ ಅಂದರೆ ಹ್ಯಾಂಡಲನ್ನು ಸೈಕಲ್ಲಿಗೆ ಸೇರಿಸುವ ತುಂಡು). ಸರಿಹೋಗಲಿಲ್ಲ. ಆರು ತಿಂಗಳು ಕುತ್ತಿಗೆ ನೋವು ಅನುಭವಿಸಿ, ಅರ್ಧ ಬೆಲೆಗೆ ಮಾರಿದೆ. ನಿಮ್ಮ ಸೈಜು ಇಲ್ಲ ಅಂದರೆ ಕಾಯಿರಿ. ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಹಾಗೆಯೇ, ಒಂದು ಕಂಪನಿಯ 54 ಇನ್ನೊಂದರ 52ಕ್ಕೆ ಸಮ ಇರಬಹುದು. ಹತ್ತಿ ಕೂತು ನೋಡುವುದೇ ಸರಿ.

ಹೆಂಗಸರಿಗೆ ಬೇರೆ ರೋಡ್ ಬೈಕ್ ಇದೆಯಾ?

ಬೇರೆ ಬೇಕಿಲ್ಲ, ಸರಿಯಾದ ಸೈಜು ಬೇಕು. ಬ್ರೇಕ್ ಲಿವರಿಗೆ ಬೆರಳು ಸಲೀಸಾಗಿ ಸಿಗುತ್ತದಾ ನೋಡಿ. ಸಣ್ಣ ಕೈಯವರಿಗೆ ಲಿವರನ್ನು ಹ್ಯಾಂಡಲಿನ ಹತ್ತಿರಕ್ಕೆ ತರುವ ಸ್ಕ್ರೂ ಬಹಳಷ್ಟು ಸೆಟ್ಟುಗಳಲ್ಲಿದೆ, ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಸೀಟು ಮಾತ್ರ ಬದಲಿಸಬೇಕಾಗಿ ಬರಬಹುದು. ಆ ಮಾತು ಗಂಡಸರಿಗೂ ಅನ್ವಯಿಸುತ್ತದೆ, ಅವರು ಹೇಳಿಕೊಳ್ಳುವುದಿಲ್ಲ ಅಷ್ಟೇ.

ಮಗ ಪಿಯುಸಿ ಮುಗಿಸಿದ್ದಾನೆ. ರೋಡ್ ಬೈಕ್ ಕೊಡಿಸಲಾ?

ಅವನ ಎತ್ತರ ಇನ್ನೂ ಬೆಳೆಯುತ್ತಿದ್ದರೆ ಸೆಕೆಂಡ್ ಹ್ಯಾಂಡ್ ಕೊಡಿಸಿ. ಬುಲೆಟ್ ಕೇಳುವುದಕ್ಕೆ ಮುಂಚೆ ಕೊಡಿಸಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಏನು ನೋಡಬೇಕು?

ಬೆಂಗಳೂರು, ಮೈಸೂರಿನಲ್ಲಿ ಉತ್ಸಾಹದಿಂದ ಕೊಂಡು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿರುವ ಸೈಕಲ್ಲುಗಳು ಬೇಕಾದಷ್ಟಿವೆ. ಒಳ್ಳೆಯ ಬೇಟೆ. ಮೊದಲು ಹಳೆಯ ಬಿಲ್ಲು ಕೇಳಿ, ಫ್ರೇಮಿನ ಅಡಿಯಲ್ಲಿರುವ ನಂಬರಿಗೆ ಹೋಲಿಸಿ. ಬಿಲ್ಲಿಲ್ಲ ಅಂದರೆ ಕದ್ದದ್ದೋ ಏನೋ, ನಮಗ್ಯಾಕೆ.

ಚೈನು ಎಷ್ಟು ಸವೆದಿದೆ ಅಂತ ನೋಡಲು ಒಂದು ಗೇಜು ಬರುತ್ತದೆ. 0.75 ದಾಟಿದ್ದರೆ ಚೈನಿನ ಜೊತೆ ಕ್ಯಾಸೆಟ್ಟೂ ಹೋಗಿರುವ ಸಾಧ್ಯತೆ ಜಾಸ್ತಿ, ಆ ಹಣವನ್ನು ಬೆಲೆಯಲ್ಲಿ ಕಳೆಯಿರಿ. ರಿಮ್ ಬ್ರೇಕ್ ಆದರೆ ರಿಮ್ಮಿನ ಪಕ್ಕದಲ್ಲಿ ಬೆರಳಾಡಿಸಿ. ತಟ್ಟೆಯಂತೆ ಒಳಕ್ಕೆ ಸವೆದಿದ್ದರೆ ಚಕ್ರವೇ ಹೊಸದು ಬೇಕು. ಹಿಂದಿನಿಂದ ನೋಡಿದಾಗ ಡಿರೇಲರ್ ಚಕ್ರದ ಕಡೆಗೆ ಬಾಗಿದ್ದರೆ ಸೈಕಲ್ ಬಿದ್ದಿದೆ ಅಂತ ಅರ್ಥ. ಕಾರ್ಬನ್ ಫ್ರೇಮನ್ನು ಗೊತ್ತಿಲ್ಲದವರಿಂದ ನಾನಂತೂ ಕೊಳ್ಳುವುದಿಲ್ಲ. ಒಳಗಿನ ಬಿರುಕು ಬಣ್ಣದ ಮೇಲೆ ಕಾಣುವುದಿಲ್ಲ.

ಆನ್‌ಲೈನಿನಲ್ಲಿ ತರಿಸಬಹುದಾ?

ನಿಮಗೆ ಜೋಡಿಸಲು ಬಂದರೆ ತರಿಸಿ. ಬಾರದಿದ್ದರೆ ಮೈಸೂರಿಗೆ ಹೋಗಿ. ಮಡಿಕೇರಿಯಿಂದ 120 ಕಿಲೋಮೀಟರು, ಒಂದು ದಿನದ ಕೆಲಸ. ಅಂಗಡಿಯಲ್ಲಿ ಹತ್ತಿ, ಹೊರಗಿನ ರಸ್ತೆಯಲ್ಲಿ ಸುತ್ತು ಹಾಕಿ, ಸೈಜು ನೋಡಿ ತನ್ನಿ. ಫೋರ್ಕನ್ನು ಹಿಂದುಮುಂದಾಗಿ ಜೋಡಿಸಿಕೊಂಡು ಓಡಿಸುತ್ತಿದ್ದವರನ್ನು ನಾನೇ ನೋಡಿದ್ದೇನೆ.

ಯಾವುದೇ ಸೈಕಲ್ ಕೊಂಡರೂ ಅದರ ಡಿರೇಲರ್ ಹ್ಯಾಂಗರ್ ಒಂದನ್ನು ಜೊತೆಗೇ ತೆಗೆದುಕೊಳ್ಳಿ. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ತುಂಡು ಅದು. ಸೈಕಲ್ ಬಿದ್ದರೆ ಫ್ರೇಮನ್ನು ಉಳಿಸಿ ತಾನು ಮುರಿಯುತ್ತದೆ. ಒಂದೊಂದು ಮಾಡೆಲಿಗೂ ಒಂದೊಂದು ಆಕಾರ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಅದು ಬರುವವರೆಗೆ ಸೈಕಲ್ ಗೋಡೆಗೆ ಒರಗಿರುತ್ತದೆ.

ಮಳೆಗಾಲದಲ್ಲಿ ಏನು ಮಾಡುತ್ತೀರಿ?

ಜುಲೈ, ಆಗಸ್ಟಿನಲ್ಲಿ ಮಡಿಕೇರಿಯಿಂದ ಪಶ್ಚಿಮಕ್ಕೆ ಹೋಗುವುದಿಲ್ಲ. 2018ರ ಆಗಸ್ಟಿನಲ್ಲಿ ಸಂಪಾಜೆ ರಸ್ತೆ ಕುಸಿದು ಸಂಪರ್ಕವೇ ಕಡಿದಿದ್ದು ಎಲ್ಲರಿಗೂ ನೆನಪಿದೆ. ಮಳೆ ಬಿಡುವು ಕೊಟ್ಟಾಗ ಕುಶಾಲನಗರದ ಕಡೆ ಇಳಿಯುತ್ತೇನೆ. ಅಲ್ಲಿ ಮಳೆ ತುಂಬಾ ಕಡಿಮೆ.

ಮರದ ನೆರಳಿನ ಕಾಂಕ್ರೀಟ್ ರಸ್ತೆಗಳ ಬಗ್ಗೆ ಹುಷಾರು. ಹಸಿರು ಪಾಚಿ ಕಟ್ಟಿರುತ್ತದೆ, ಯಾವ ಟೈರೂ ಅಲ್ಲಿ ನಿಲ್ಲುವುದಿಲ್ಲ. ಇಳಿದು ನಡೆಯಿರಿ. ಡಿಸ್ಕ್ ಬ್ರೇಕಿನ ರೆಸಿನ್ ಪ್ಯಾಡುಗಳು ಕೆಸರು ಮರಳಿಗೆ ಬೇಗ ಕರಗುತ್ತವೆ, ಮೆಟಲ್ ಪ್ಯಾಡು ಹೆಚ್ಚು ದಿನ ಬರುತ್ತದೆ, ಸ್ವಲ್ಪ ಕಿರುಚುತ್ತದೆ. ನಿಮ್ಮ ಡಿಸ್ಕಿನ ತಟ್ಟೆಗೆ ಮೆಟಲ್ ಹಾಕಬಹುದಾ ಅಂತ ಅದರ ಮೇಲೇ ಬರೆದಿರುತ್ತದೆ, ಓದಿ. ಮನೆಗೆ ಬಂದ ತಕ್ಷಣ ಚೈನನ್ನು ಒರೆಸಿ ಎಣ್ಣೆ ಹಾಕಿ. ಜೀಪಿನ ಎಂಜಿನ್ ಆಯಿಲ್ ಬೇಡ, ಅದು ಮರಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಮಂಜಿನಲ್ಲಿ ಹಗಲಲ್ಲೂ ಹಿಂದಿನ ಕೆಂಪು ಲೈಟು ಉರಿಯುತ್ತಿರಲಿ. ಶನಿವಾರ, ಭಾನುವಾರ ಬರುವ ಪ್ರವಾಸಿಗರ ಕಾರುಗಳಿಗೆ ನಮ್ಮ ತಿರುವುಗಳು ಹೊಸವು.

ಆನೆ ಬಂದರೆ?

ಸಿದ್ದಾಪುರ, ತಿತಿಮತಿ ಕಡೆಯವರು ನನಗೇ ಪಾಠ ಹೇಳಬೇಕು. ನಾನು ಮಾಡುವುದು ಇಷ್ಟು: ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಆ ಕಡೆ ಸೈಕಲ್ ತೆಗೆಯುವುದಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ತೋಟದ ರಸ್ತೆಗೆ ಹೋಗುವ ಮುಂಚೆ ಅಲ್ಲಿನವರಿಗೆ ಒಂದು ಫೋನ್ ಮಾಡುತ್ತೇನೆ. ಯಾವ ಸೈಕಲ್ಲೂ ಏರಿನಲ್ಲಿ ಆನೆಗಿಂತ ಜೋರಾಗಿ ಹೋಗುವುದಿಲ್ಲ.

ಬ್ರೆವೆಗೆ ಹೋಗಬೇಕು ಅಂತ ಆಸೆ. ಅದಕ್ಕೆ ಬೇರೆ ಸೈಕಲ್ ಬೇಕಾ?

ಬ್ರೆವೆ ರೇಸಲ್ಲ. ನಿಗದಿತ ಸಮಯದೊಳಗೆ ದೂರ ಮುಗಿಸುವುದು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಭಾರತದಲ್ಲಿ ಆಡಾಕ್ಸ್ ಇಂಡಿಯಾದ ಅಡಿಯಲ್ಲಿ ನಡೆಯುತ್ತವೆ. 200ರ ಲೆಕ್ಕ ಹಾಕಿದರೆ ಊಟ, ಕಾಫಿ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿಲೋಮೀಟರ್ ಸರಾಸರಿ ಸಾಕು. ಕೊಡಗಿನಲ್ಲಿ ಅಭ್ಯಾಸ ಮಾಡಿದವರಿಗೆ ಬಯಲು ಸೀಮೆಯ 200 ಭಯ ಹುಟ್ಟಿಸುವುದಿಲ್ಲ.

ಎಂಡ್ಯೂರೆನ್ಸ್ ಬೈಕು, 28 ಅಥವಾ 32ರ ಟೈರು, ಗಟ್ಟಿ ಲೈಟುಗಳು, ಹೊಳೆಯುವ ಜಾಕೆಟ್ಟು, ಎರಡು ಬಾಟಲಿ. ಹೊಸ ಸೀಟನ್ನು ಮಾತ್ರ ಅವತ್ತೇ ಹಾಕಿಕೊಂಡು ಹೋಗಬೇಡಿ.

ವಯಸ್ಸು ಅರವತ್ತು ದಾಟಿತು. ಬ್ಯಾಟರಿ ಸೈಕಲ್ ತಗೊಂಡರೆ ನಗುತ್ತೀರಾ?

ಖಂಡಿತ ಇಲ್ಲ ಸರ್. ಮೋಟಾರ್ 250 ವಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ನೋಂದಣಿಯೂ ಬೇಡ. ತೂಕ ಮಾತ್ರ 20 ಕಿಲೋ ದಾಟುವುದು ಸಾಮಾನ್ಯ, ಅದಕ್ಕೇ ಬ್ರೇಕ್ ಬಗ್ಗೆ ಮೇಲೆ ಹೇಳಿದ್ದನ್ನು ಇನ್ನೊಮ್ಮೆ ಓದಿ.

ನೀವು ಓಡಿಸುವುದು ಯಾವ ಸೈಕಲ್?

ಎಂಟು ವರ್ಷ ಹಳೆಯ ಅಲ್ಯೂಮಿನಿಯಂ ಎಂಡ್ಯೂರೆನ್ಸ್ ಬೈಕು, ಸೋರಾ, ಮೆಕ್ಯಾನಿಕಲ್ ಡಿಸ್ಕು, 32ರ ಟೈರು. ಮುಂದೆ 34, ಹಿಂದೆ 34. ಸೈಜು 52. ಸೆಕೆಂಡ್ ಹ್ಯಾಂಡು, ಬಿಲ್ಲಿನ ಸಮೇತ. ಆಮೇಲೆ ತಲಕಾವೇರಿಗೆ ನಾಲ್ಕು ಸಲ ಹೋಗಿದ್ದೇನೆ, ಇಳಿದು ತಳ್ಳಿಲ್ಲ. ಹಿಂದಿನ ಬ್ರೇಕ್ ಪ್ಯಾಡು ಈ ವಾರ ಬದಲಿಸಬೇಕು, ಕಿರುಚುತ್ತಿದೆ.